ಗೀಸರ್ ಆರಿಸಿದವರು ಯಾರು?

ನಮ್ಮ ಮನೆಯ ಬಚ್ಚಲಿನ ಬಾಗಿಲ ಪಕ್ಕದ ಗೋಡೆಯಲ್ಲಿ ಗೀಸರಿನ ಸ್ವಿಚ್ಚಿದೆ. ಒತ್ತಿದರೆ ಅದರ ಮೂಲೆಯಲ್ಲಿ ಕಡಲೆಕಾಳಿನಷ್ಟು ಕೆಂಪು ದೀಪ ಹತ್ತಿಕೊಳ್ಳುತ್ತದೆ. ಮತ್ತೆ ಒತ್ತಿದರೆ ಆರುತ್ತದೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೇ ಇರುತ್ತದೆ. ಇದರ ಬಗ್ಗೆ ಕೂತು ಬರೆಯುವಂಥದ್ದು ಏನಿದೆ ಎಂದು ನೀವು ಕೇಳಿದರೆ ತಪ್ಪಿಲ್ಲ. ಹೋದ ಚಳಿಗಾಲದವರೆಗೂ ನನಗೂ ಹಾಗೇ ಅನ್ನಿಸುತ್ತಿತ್ತು. ಈಗ ಬಚ್ಚಲ ಕಡೆ ಹೋಗುವಾಗ ಆ ದೀಪವನ್ನು ನೋಡದೆ ಮುಂದೆ ಹೋಗುವುದು ನನ್ನಿಂದಾಗದು.

ಬೆಂಗಳೂರಿನ ಸಂಸಾರಗಳಲ್ಲಿ ದಿನವೂ ತಪ್ಪದೆ ಆಡುವ ಮಾತು ಯಾವುದೆಂದು ಯಾರಾದರೂ ಕೇಳಿದರೆ, "ಊಟ ಆಯ್ತಾ" ಕೂಡ ಎರಡನೆಯದು. ಮೊದಲನೆಯದು "ಗೀಸರ್ ಆರಿಸಿದ್ಯಾ?" ಒಮ್ಮೆ ಅತ್ತೆ ತವರಿಗೆ ಹೋಗಿದ್ದಾಗ ನಾವು ಮೂವರು ಯಶವಂತಪುರದ ಒಂದು ಮದುವೆಗೆ ಹೊರಟಿದ್ದೆವು. ದಾರಿಯಲ್ಲಿ ಹೂವಿಗೆಂದು ಕಾರು ನಿಲ್ಲಿಸಿದಾಗ ನಮ್ಮ ಮನೆಯವರು ನನ್ನತ್ತ ತಿರುಗಿ ಈ ಪ್ರಶ್ನೆ ಕೇಳಿದರು. ನಾನು "ನೀವು ಆರಿಸಲಿಲ್ವಾ?" ಎಂದೆ. ಹಿಂದಿನ ಸೀಟಿನಲ್ಲಿದ್ದ ಮಗಳು ಕಾವ್ಯ "ಲಾಸ್ಟ್ ನಾನಲ್ಲ ಸ್ನಾನ ಮಾಡಿದ್ದು" ಎಂದು ಕೈ ತೊಳೆದುಕೊಂಡಳು. ಧಾರೆಯ ಮುಹೂರ್ತ ಹೋದರೆ ಹೋಗಲಿ ಎಂದು ಅಷ್ಟು ಟ್ರಾಫಿಕ್ಕಿನಲ್ಲಿ ಕಾರು ತಿರುಗಿಸಿ ಮನೆಗೆ ಬಂದೆವು. ಗೀಸರ್ ಆರಿಸಿಯೇ ಇತ್ತು. ಆದರೆ ಮುಂಬಾಗಿಲಿಗೆ ಬೀಗ ಹಾಕಿರಲಿಲ್ಲ. ಅಂದಿನಿಂದ ಇವರು ಈ ಪ್ರಶ್ನೆಯನ್ನು ಇನ್ನೂ ಹೆಚ್ಚಿನ ನಂಬಿಕೆಯಿಂದ ಕೇಳುತ್ತಾರೆ.

ನಮ್ಮದು ಸಿಂಗಾಪುರ. ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ವಿದ್ಯಾರಣ್ಯಪುರದ ಪಕ್ಕದ್ದು. ಈಗ ಲೇಔಟು, ಬೇಕರಿ, ಜಿಮ್ಮು ಎಲ್ಲ ಇದ್ದರೂ ನಾನು ಮದುವೆಯಾಗಿ ಬಂದಾಗ ಇದು ಹಳ್ಳಿಯೇ. ನಮ್ಮ ಮನೆಯ ಹಿಂದೆ ಹೆಂಚಿನ ಬಚ್ಚಲುಮನೆ ಇತ್ತು. ಅದರೊಳಗೆ ಮಣ್ಣಿನ ಒಲೆಯ ಮೇಲೆ ಕತ್ತಿನವರೆಗೆ ಹೂತ ತಾಮ್ರದ ಹಂಡೆ. ಆ ಹಂಡೆಗೆ ಒಡತಿ ನನ್ನ ಅತ್ತೆ ಮುನಿಲಕ್ಷ್ಮಮ್ಮ.

ಅತ್ತೆ ಹಂಡೆಯನ್ನು "ಅಂಡೆ" ಎನ್ನುತ್ತಾರೆ. ಅಂಡೆಗೆ ಅವರದೇ ಕಾನೂನುಗಳಿದ್ದವು. ಒಂದು ಬಿಂದಿಗೆ ಬಿಸಿನೀರು ತೆಗೆದವರು ಒಂದು ಬಿಂದಿಗೆ ತಣ್ಣೀರು ಹಾಕಿಯೇ ಹೊರಗೆ ಬರಬೇಕು, ಅಂಡೆ ಬರಿದಾಗಕೂಡದು. ಒದ್ದೆ ಕೈಯಲ್ಲಿ ಸೌದೆ ಮುಟ್ಟಕೂಡದು. ನೀರು ಕಾದ ಮೇಲೆ ಕೊಳ್ಳಿಗಳನ್ನು ಹಿಂದಕ್ಕೆಳೆದು ಒಂದು ಚೊಂಬು ನೀರು ಚಿಮುಕಿಸಿ ಆರಿಸಬೇಕು. ಮಿಕ್ಕ ಕಾವು ಬೂದಿಯಲ್ಲೇ ಇರುತ್ತದೆ. ಕೊಳ್ಳಿ ಎಳೆದದ್ದೇ ಅತ್ತೆ ಅಂಗಳಕ್ಕೆ ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ, "ನೀರ್ ಕಾದೈತೆ, ಬನ್ನೀ!" ಎಂದು ಕೂಗುತ್ತಿದ್ದರು. ಆ ಕೂಗು ನಮ್ಮ ಮನೆಯವರಿಗಷ್ಟೇ ಅಲ್ಲ, ಪಕ್ಕದ ಮನೆಯವರಿಗೂ ಹೊತ್ತು ತಿಳಿಸುತ್ತಿತ್ತು. ಮೊದಲು ಮಾವ, ಆಮೇಲೆ ಮೈದುನಂದಿರು, ಇವರು, ಮನೆಗೆ ಬಂದ ನೆಂಟರು, ನಾನು. ಎಲ್ಲರನ್ನೂ ಹೆಸರು ಹಿಡಿದು ಕರೆದು, ಹೊರಡಿಸಿ, ಕೊನೆಗೆ ಅತ್ತೆ ಯಾವ ಹೊತ್ತಿನಲ್ಲೋ ಹೋಗಿ, ಹಂಡೆಯಲ್ಲಿ ಉಳಿದ ಉಗುರುಬೆಚ್ಚಗಿನ ನೀರನ್ನು ಸುರಿದುಕೊಂಡು ಬರುತ್ತಿದ್ದರು. ಅವರು ಯಾವಾಗ ಸ್ನಾನ ಮಾಡಿದರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಣೆಗೆ ಹೊಸ ಕುಂಕುಮ ಕಂಡರೆ ಆಯಿತೆಂದು ಅರ್ಥ.

ನಾನು ಬೆಳೆದ ಮನೆಯಲ್ಲಿ ಹಂಡೆಗೆ ಜಾಗವೇ ಇರಲಿಲ್ಲ. ಅಪ್ಪ ಗದಗಿನ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದು ಯಶವಂತಪುರದ ಒಂದು ವಠಾರದಲ್ಲಿ ನೆಲೆಸಿದವರು. ಅಲ್ಲಿ ನಮ್ಮ ಗೀಸರ್ ಅಂದರೆ ಬಕೆಟ್ಟಿನೊಳಗೆ ಇಳಿಬಿಡುವ ಕಾಯಿಲ್. ಬಕೆಟ್ಟಿನ ಬಾಯಿಗೆ ಅಡ್ಡಲಾಗಿ ಚಪಾತಿ ಲಟ್ಟಣಿಗೆ ಇಟ್ಟು ಅದಕ್ಕೆ ಕಾಯಿಲ್ ತೂಗುಹಾಕುತ್ತಿದ್ದರು. "ನೀರು ಕಾದಾವ, ಲಗೂ ಬರ್ರಿ" ಎಂದು ಅವ್ವ ಕರೆಯುವ ತನಕ ಆ ಕಡೆ ಸುಳಿಯುವಂತಿರಲಿಲ್ಲ. ಒಂದು ದಿನ ಅವ್ವ ಕರೆಯುವ ಮುಂಚೆಯೇ, ಕಾದಿದೆಯೋ ಇಲ್ಲವೋ ನೋಡೋಣವೆಂದು ನಾನು ಬೆರಳು ಅದ್ದಿದೆ. ಕೈ ಭುಜದವರೆಗೆ ಜುಮ್ಮೆಂದು ಹಿಂದಕ್ಕೆ ಬಿದ್ದೆ. ಅವ್ವ ಮೊದಲು ಸ್ವಿಚ್ಚು ಆರಿಸಿ, ಆಮೇಲೆ ನನ್ನನ್ನು ಎತ್ತಿ, ಬೆನ್ನಿಗೆರಡು ಗುದ್ದಿ, ಕೊನೆಗೆ ತಬ್ಬಿಕೊಂಡು ಅತ್ತಳು. ಇಂಥವಳು ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದೆ. ವಿದ್ಯುತ್ತಿನ ಪಾಠ ಬಂದಾಗಲೆಲ್ಲ ನೀರು ವಿದ್ಯುತ್ ವಾಹಕ ಎಂಬುದನ್ನು ನಾನು ಬಹಳ ಮನಮುಟ್ಟುವಂತೆ ಹೇಳುತ್ತೇನೆಂದು ಮಕ್ಕಳು ಮೆಚ್ಚುತ್ತಾರೆ.

ಹಳೆಯ ಮನೆ ಕೆಡವಿ ಹೊಸದು ಕಟ್ಟಿದಾಗ ಬಚ್ಚಲುಮನೆ ಹೋಯಿತು, ಗೀಸರ್ ಬಂತು. ಹಂಡೆ ತಾರಸಿ ಸೇರಿತು. ಅದರಲ್ಲೀಗ ಕರಿಬೇವಿನ ಗಿಡವಿದೆ. ಅತ್ತೆ ಮೊದಮೊದಲು ಗೀಸರನ್ನು ಶತ್ರುವಿನಂತೆ ನೋಡಿದರು. "ಹೊಟ್ಟೇಲಿ ಬೆಂಕಿ ಇಟ್ಕೊಂಡು ಗ್ವಾಡೆ ಮ್ಯಾಲೆ ಕುಂತೈತೆ. ಯಾವಾಗ ಯಾರ್ ತಲೆ ಮ್ಯಾಲೆ ಬೀಳ್ತದೋ" ಎನ್ನುತ್ತಿದ್ದರು. ಆದರೆ ಒಂದೆರಡು ತಿಂಗಳಲ್ಲಿ ಅದನ್ನೂ ಪಳಗಿಸಿಕೊಂಡರು. ದೇವರಮನೆಯ ಮುಂದೆ ಹೂ ಕಟ್ಟುತ್ತಾ ಕೂತವರು ಗೀಸರಿನ ಸದ್ದಿಗೆ ಕಿವಿಗೊಡುತ್ತಿದ್ದರು. ಅದು ಗುಂಯ್‌ಗುಡುವುದು ನಿಂತದ್ದೇ ಎದ್ದು ಹೋಗಿ ಟಕ್ಕೆಂದು ಸ್ವಿಚ್ ಆರಿಸಿ, ಅಂಗಳ ಇಲ್ಲದ ಮನೆಯ ಹಾಲಿನಲ್ಲಿ ನಿಂತು, ಅಂಗಳ ಇದ್ದಾಗಿನಷ್ಟೇ ಗಟ್ಟಿಯಾಗಿ, "ನೀರ್ ಕಾದೈತೆ, ಬನ್ನೀ!" ಎಂದು ಕೂಗುವರು. ಕೊಳ್ಳಿ ಎಳೆಯುತ್ತಿದ್ದ ಕೈಗೆ ಸ್ವಿಚ್ ಸಿಕ್ಕಿತ್ತು, ಅಷ್ಟೇ ವ್ಯತ್ಯಾಸ.

ಹಾಗಾಗಿ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಪದ್ಧತಿ ಬೇರೂರಿತು. ಬೇರೆ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ಬಿಸಿನೀರಿದೆ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ದೀಪ ಆರಿದ್ದರೆ ನೀರು ಕಾದಿದೆ ಎಂದರ್ಥ. ಯಾಕೆಂದರೆ ಕಾಯುವ ತನಕ ಅತ್ತೆ ಆರಿಸುವುದಿಲ್ಲ. ಅತ್ತೆ ಆರಿಸಿದ್ದಾರೆ ಅಂದರೆ ಕಾದಿದೆ. ಇದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಇಲ್ಲಿ ಅತ್ತೆಯ ಅಕ್ಕನ ವಿಷಯ ಹೇಳಬೇಕು. ಅತ್ತೆಯ ತವರು ತುಮಕೂರು ರಸ್ತೆಯ ಮಾಕಳಿ. ಅಲ್ಲಿದ್ದ ಅವರ ದೊಡ್ಡಕ್ಕನಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತು. ಒಲೆ ಹೊತ್ತಿಸಿ ಮರೆಯುವುದು, ಹೊತ್ತಿಸಿದ್ದನ್ನೇ ಮತ್ತೆ ಹೊತ್ತಿಸಲು ಹೋಗುವುದು. ಮನೆಯವರು ಹೆದರಿ ಅವರ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡರು. ಅಡುಗೆಮನೆಗೆ ಬೀಗ ಹಾಕಿದರು. ಒಮ್ಮೆ ನಾವು ನೋಡಲು ಹೋದಾಗ ದೊಡ್ಡಕ್ಕ ಆ ಬೀಗದ ಮುಂದೆ ಕೂತು, ಯಾರೋ ಒಳಗಿನಿಂದ ತೆಗೆಯುತ್ತಾರೆಂಬಂತೆ ಕಾಯುತ್ತಿದ್ದರು. ಅತ್ತೆ ಅವತ್ತು ಅಲ್ಲಿ ಒಂದು ತೊಟ್ಟು ನೀರೂ ಕುಡಿಯಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಕೈ ಹಿಡಿದು, "ಸೈಲಾ, ನನ್ ಕೈಯಿಂದ ಯಾರೂ ಇಂಗೆ ಕೆಲ್ಸ ಕಿತ್ಕೋಬಾರ್ದು ಕಣಮ್ಮ. ಅದುಕ್ಕಿಂತ ಮುಂಚೆ ನಾನು ಓಗ್ಬುಡ್ಬೇಕು" ಎಂದಿದ್ದರು. ಶೈಲಾ ಎಂಬ ನನ್ನ ಹೆಸರು ಅವರ ಬಾಯಲ್ಲಿ ಯಾವತ್ತೂ ಸೈಲಾ. ನಾನು "ಅಂಥದ್ದೇನೂ ಆಗಲ್ಲ ಬಿಡಿ ಅತ್ತೆ" ಎಂದು ಏನೋ ಒಂದು ಹೇಳಿದ್ದೆ.

ಹೋದ ಚಳಿಗಾಲದಲ್ಲಿ ನಮ್ಮ ಗೀಸರ್ ಕೈಕೊಡತೊಡಗಿತು.

ನಾವು ತಿಳಿದಂತೆ ಮೊದಲ ಬಲಿ ಕಾವ್ಯ. ಯಲಹಂಕದ ಕಾಲೇಜಿಗೆ ಬೆಳಗ್ಗೆ ಬೇಗ ಹೊರಡುವವಳು. ದೀಪ ಆರಿರುವುದನ್ನು ನೋಡಿ ಒಳಗೆ ಹೋದಳು. ಮರುಕ್ಷಣ ಒಳಗಿನಿಂದ ಕಿರುಚಿದಳು. ಹಾವೇನಾದರೂ ಬಂತೇ ಎಂದು ನಾನು ಸೌಟು ಹಿಡಿದೇ ಓಡಿದೆ. "ಅಮ್ಮಾ, ಐಸ್ ವಾಟರ್ ಬರ್ತಿದೆ!" ಮಾರನೆಯ ದಿನ ನೀರು ಸರಿಯಾಗಿ ಕಾಯಿತು. ಅದರ ಮಾರನೆಯ ದಿನ ಇವರಿಗೆ ಅರ್ಧ ಬಕೆಟ್ ಬಿಸಿ, ಅರ್ಧ ಬಕೆಟ್ ತಣ್ಣಗೆ. ಆಮೇಲೆ ನನಗೆ, ತಲೆಗೆಲ್ಲ ಎಣ್ಣೆ ಹಚ್ಚಿಕೊಂಡು ಕೂತಿದ್ದವಳಿಗೆ, ಹಿಮಾಲಯದಿಂದ ನೇರವಾಗಿ ಇಳಿದು ಬಂದಂಥ ನೀರು.

ಗೀಸರ್ ಕೆಟ್ಟರೆ ಮನೆಯಲ್ಲಿ ಎಲ್ಲರೂ ಡಾಕ್ಟರಾಗುತ್ತಾರೆ. ಇವರು ಕರೆಂಟಿನ ವೋಲ್ಟೇಜ್ ಕಮ್ಮಿ ಎಂದರು. ಕಾವ್ಯ ಫೋನಿನಲ್ಲಿ ವಿಡಿಯೋ ನೋಡಿ ಗೀಸರಿನ ಟ್ಯಾಂಕೇ ತುಕ್ಕು ಹಿಡಿದಿದೆ ಎಂದು ಘೋಷಿಸಿದಳು. ಎದುರುಮನೆಯವರು ಬಂದು, ಬಿಸಿ ಮತ್ತು ತಣ್ಣೀರಿನ ನಲ್ಲಿಗಳ ಪೈಪು ಅದಲುಬದಲಾಗಿರಬಹುದು ಎಂದರು. ಇಷ್ಟು ವರ್ಷ ಸರಿಯಿದ್ದ ಪೈಪುಗಳು ಹೇಗೆ ಅದಲುಬದಲಾಗುತ್ತವೆ ಎಂದು ನಾನು ಕೇಳಿದ್ದಕ್ಕೆ, "ಹೇಳೋಕಾಗಲ್ಲ ಕಣ್ರೀ, ಕಾಲ ಹಂಗಿದೆ" ಎಂದು ಕಾಫಿ ಮುಗಿಸಿ ಹೋದರು. ನಾನು ವಿಜ್ಞಾನದ ಮೇಡಂ ಅಲ್ಲವೇ, ಎಲ್ಲರನ್ನೂ ಸುಮ್ಮನಿರಿಸಿ ಬಿಸಿನೀರು ಮೇಲೇರುವುದು, ತಣ್ಣೀರು ಕೆಳಗಿಳಿಯುವುದು ಎಂದು ಚಿತ್ರ ಬರೆದು ವಿವರಿಸಿದೆ. ವಿವರಣೆ ಮುಗಿದರೂ ನೀರು ಕಾಯಲಿಲ್ಲ.

ಕೊನೆಗೆ ಗಂಗಾನಗರದಿಂದ ಚಂದ್ರುವನ್ನು ಕರೆಸಿದೆವು. ಚಂದ್ರು ಗೀಸರ್ ರಿಪೇರಿಗಿಂತ ಮಾತಿನಲ್ಲಿ ನುರಿತವನು. ಮುಚ್ಚಳ ಬಿಚ್ಚುವ ಮುಂಚೆಯೇ ರೋಗ ಹೇಳುತ್ತಾನೆ. "ಅಕ್ಕಾ, ನಿಮ್ ಏರಿಯಾ ಬೋರ್‌ವೆಲ್ ನೀರು ಗೊತ್ತಲ್ಲ, ಬರೀ ಸುಣ್ಣ. ಕಾಯಿಲ್ ಮೇಲೆ ಪೂರ್ತಿ ಉಪ್ಪು ಕಟ್ಟಿರುತ್ತೆ ನೋಡಿ." ಬಿಚ್ಚಿ ನೋಡಿದರೆ ನಿಜವಾಗಿಯೂ ಕಟ್ಟಿತ್ತು. ಕಾಯಿಲ್ ಮೈಮೇಲೆ ಬೆರಳು ದಪ್ಪದ ಬಿಳಿ ಹೆಪ್ಪು. "ಇದಿದ್ರೆ ಕಾವು ನೀರಿಗೆ ಹೋಗಲ್ಲ ಅಕ್ಕಾ. ಗೀಸರ್ ಒಳಗೆ ಮರಳು ಹುರಿದಂಗೆ ಸೌಂಡ್ ಬರ್ತಿರ್ಲಿಲ್ವಾ?" ಬರುತ್ತಿತ್ತು ಎಂದು ನಾವೆಲ್ಲ ಒಕ್ಕೊರಲಿನಿಂದ ಹೇಳಿದೆವು, ಬರುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ಹೆಪ್ಪು ಕೆರೆದು, ಹೊಸ ವಾಷರ್ ಹಾಕಿ, ಇನ್ನು ಯೋಚನೆಯೇ ಬೇಡ ಎಂದು ಹೋದ. ಮೂರು ದಿನ ನೀರು ಕುದಿಯಿತು. ಮತ್ತೆ ತಣ್ಣಗಾಯಿತು.

ಎರಡನೆಯ ಸಲ ಬಂದವನು ಥರ್ಮೋಸ್ಟಾಟ್ ಬದಲಾಯಿಸಿದ. ಗೀಸರಿನ ಕೆಳಗಿನ ಪುಟ್ಟ ವಾಲ್ವಿನಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನಾನು ತೋರಿಸಿದಾಗ, ಅದು ಒತ್ತಡ ಹೊರಗೆ ಬಿಡುವ ದಾರಿ, ಸ್ವಲ್ಪ ತೊಟ್ಟಿಕ್ಕಿದರೆ ಗಾಬರಿ ಬೇಡ ಎಂದ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಮಾತ್ರ ಯಾರೂ ಒಳಗೆ ಕಾಲಿಡಬೇಡಿ, ಮೇನ್ ಆರಿಸಿ ಫೋನ್ ಮಾಡಿ ಎಂದ. ಜುಮ್ಮೆನ್ನುವ ವಿಷಯದಲ್ಲಿ ನನಗೆ ಪಾಠ ಬೇಕಿರಲಿಲ್ಲ. ಮೂರನೆಯ ಸಲ ಬಂದು ಟೆಸ್ಟರ್ ಹಿಡಿದು ಎಲ್ಲ ಮೂಲೆಗೂ ಇಣುಕಿ, ತಲೆ ಕೆರೆದುಕೊಂಡ. "ಅಕ್ಕಾ, ಸತ್ಯವಾಗ್ಲೂ ಹೇಳ್ತೀನಿ, ಇದಕ್ಕೆ ಏನೂ ಆಗಿಲ್ಲ. ಕಲ್ಲುಗುಂಡು ಇದ್ದಂಗಿದೆ. ಮನೇಲಿ ವಾಸ್ತು ಏನಾದ್ರೂ ತೋರ್ಸಿ."

ಈ ಗದ್ದಲದಲ್ಲೆಲ್ಲ ಅತ್ತೆ ದೇವರಮನೆಯ ಮುಂದೆ ಹೂ ಕಟ್ಟುತ್ತಾ ಕೂತಿರುತ್ತಿದ್ದರು. ಚಂದ್ರು ಬಂದಾಗಲೆಲ್ಲ ಅವನಿಗೆ ಕಾಫಿ ಕೊಡಿಸುತ್ತಿದ್ದರು. ಗೀಸರಿನ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಬಿಸಿನೀರಿನ ವಿಷಯದಲ್ಲಿ ಅಷ್ಟು ದೊಡ್ಡ ಯಜಮಾನಿಕೆ ಮಾಡಿದವರು ಹೀಗೇಕೆ ಸುಮ್ಮನಿದ್ದಾರೆ ಎಂದು ನಮಗೆ ಹೊಳೆಯಲಿಲ್ಲ. ಇನ್ನೊಂದೂ ಹೊಳೆಯಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಒಂದು ಭಾನುವಾರ ಬೆಳಗ್ಗೆ ನಾನು ಹಾಲಿನಲ್ಲಿ ಬಟ್ಟೆ ಮಡಚುತ್ತಾ ಕೂತಿದ್ದೆ. ಆಗಷ್ಟೇ ನಾನೇ ಹೋಗಿ ಗೀಸರ್ ಹಾಕಿ ಬಂದಿದ್ದೆ. ಕೆಂಪು ದೀಪ ಕೂತಲ್ಲಿಂದಲೇ ಕಾಣುತ್ತಿತ್ತು. ಅತ್ತೆ ತಾರಸಿಯಿಂದ ಹೂ ಕಿತ್ತುಕೊಂಡು ಇಳಿದರು. ಒಂದು ಕೈಯಲ್ಲಿ ಹೂವಿನ ಬುಟ್ಟಿ. ಬಚ್ಚಲ ಮುಂದೆ ಹಾದು ಹೋಗುವಾಗ ಇನ್ನೊಂದು ಕೈ ತಾನಾಗಿ ಮೇಲಕ್ಕೆ ಹೋಯಿತು. ಟಕ್. ದೀಪ ಆರಿತು. ಅವರು ಸ್ವಿಚ್ಚಿನ ಕಡೆ ನೋಡಲೂ ಇಲ್ಲ, ನಡಿಗೆ ನಿಲ್ಲಿಸಲೂ ಇಲ್ಲ. ದೇವರಮನೆಗೆ ಹೋಗಿ ಮಣೆಯ ಮೇಲೆ ಕೂತು ಹೂ ಬಿಡಿಸತೊಡಗಿದರು.

ನಾನು ಎದ್ದು ಹೋಗಿ ಮತ್ತೆ ಹಾಕಿದೆ. ಸ್ವಲ್ಪ ಹೊತ್ತಿಗೆ ಅತ್ತೆ ಚೊಂಬಿನಲ್ಲಿ ನೀರು ತರಲೆಂದು ಎದ್ದರು. ಮತ್ತೆ ಆ ಕೈ, ಮತ್ತೆ ಟಕ್. ನನ್ನ ಎದೆಯೊಳಗೇ ಏನೋ ಆರಿದಂತಾಯಿತು. ಕೈಯಲ್ಲಿದ್ದ ಇವರ ಅಂಗಿಯನ್ನು ಎಷ್ಟು ಸಲ ಮಡಚಿ ಬಿಚ್ಚಿದೆನೋ ಗೊತ್ತಿಲ್ಲ. "ಅತ್ತೆ, ಗೀಸರ್ ಆರಿಸಿದ್ರಾ?" ಎಂದು ಮೆಲ್ಲಗೆ ಕೇಳಿದೆ. ಅವರು ತಿರುಗಿ, ಮುಖದಲ್ಲಿ ಒಂದಿಷ್ಟೂ ಕಳ್ಳತನವಿಲ್ಲದೆ, "ಇಲ್ವಲ್ಲಮ್ಮ. ನಾನ್ಯಾಕೆ ಆರಿಸ್ಲಿ? ಇನ್ನೂ ಕಾದಿಲ್ಲ" ಎಂದರು.

ಆಗ ಹೊಳೆಯಿತು, ಆ ಇನ್ನೊಂದು ವಿಷಯ. "ನೀರ್ ಕಾದೈತೆ, ಬನ್ನೀ" ಎಂಬ ಕೂಗು ನಮ್ಮ ಮನೆಯಲ್ಲಿ ನಿಂತು ಎಷ್ಟೋ ದಿನವಾಗಿತ್ತು. ನಿಂತಿದ್ದನ್ನು ನಮ್ಮಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಕೂಗು ಇಲ್ಲದಿದ್ದರೇನು, ದೀಪ ನೋಡಿಕೊಂಡು ಒಳಗೆ ಹೋಗುತ್ತಿದ್ದೆವು. ಗೀಸರಿನ ಒಂದೊಂದು ಸದ್ದನ್ನೂ ಚಂದ್ರುವಿಗೆ ವರದಿ ಮಾಡಿದವರು ನಾವು.

ಇವರಿಗೆ ಹೇಳಿದೆ. ನಮ್ಮ ಮನೆಯವರು ಕೆಟ್ಟವರಲ್ಲ. ಕಾರ್ಖಾನೆಯಲ್ಲಿ ಸೇಫ್ಟಿ ವಿಭಾಗದಲ್ಲಿರುವವರು, ಯಾವುದೇ ತೊಂದರೆಗೂ ಅವರ ಬಳಿ ಒಂದು ಮುಚ್ಚಳ ಇರುತ್ತದೆ. ಮೊದಲು ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮಾತಾಡಿಸಿದರು, ಮಾತ್ರೆ ಬರೆದುಕೊಟ್ಟರು, ವಯಸ್ಸಿನದು, ಶುರುವಿನಲ್ಲಿದೆ, ನಿಗಾ ಇರಲಿ ಎಂದರು. ಮಾರನೆಯ ದಿನ ಇವರು ಕೆಲಸದಿಂದ ಬರುವಾಗ ಒಂದು ಪ್ಲಾಸ್ಟಿಕ್ ಡಬ್ಬಿ ತಂದರು. ಸ್ವಿಚ್ಚಿನ ಮೇಲೆ ಕೂರಿಸಿ ಪುಟ್ಟ ಬೀಗ ಹಾಕುವಂಥದ್ದು.

"ಹಾಕಿಬಿಡೋಣ. ಇವತ್ತು ಗೀಸರ್ ಆರಿಸ್ತಾಳೆ, ಸರಿ. ನಾಳೆ ಆರಿಸೋದು ಬಿಟ್ಟು ಹಾಕೋಕೆ ಶುರು ಮಾಡಿದ್ರೆ? ನೀರಿಲ್ಲದ ಟ್ಯಾಂಕು ಸುಟ್ಟುಹೋದ್ರೆ?" ಎಂದರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಪುಟ್ಟ ಬೀಗ ನೋಡಿದ ಕೂಡಲೇ ನನಗೆ ಮಾಕಳಿಯ ಅಡುಗೆಮನೆಯ ಬಾಗಿಲು ಕಂಡಿತು. "ದೊಡ್ಡಮ್ಮನ ಕೈಯಿಂದ ಬೆಂಕಿಪೊಟ್ಟಣ ಕಿತ್ಕೊಂಡಿದ್ದು ನೆನಪಿದೆಯೇನ್ರೀ?" ಎಂದೆ. ಇವರು ಡಬ್ಬಿಯನ್ನು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಹಪ್ಪಳದ ಡಬ್ಬದ ಹಿಂದೆ ಇಟ್ಟರು.

ಅಲ್ಲಿಂದ ಮುಂದೆ ನಾವು ಮೂವರೂ ನಾಟಕ ಶುರುಮಾಡಿದೆವು. ತಣ್ಣೀರು ಬಂದರೆ "ಈ ಗೀಸರ್ ಹಾಳಾಗೋಗ್ಲಿ" ಎಂದು ಅತ್ತೆಗೆ ಕೇಳುವಂತೆ ಬೈಯುವುದು, ಮೆಲ್ಲಗೆ ಹೊರಗೆ ಬಂದು ಸ್ವಿಚ್ ಹಾಕಿ ಹೋಗುವುದು. ಕಾವ್ಯ ಅಂತೂ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಗೋಡೆಗೆ ಒರಗಿ, ದೀಪಕ್ಕೆ ಕಾವಲು ನಿಲ್ಲುತ್ತಿದ್ದಳು. ಅಜ್ಜಿ ಬಂದರೆ, "ಅಜ್ಜೀ, ಈ ಹೂವಿನ ಹೆಸರೇನು?" ಎಂದು ಕೇಳಿ ಅವರ ಎರಡೂ ಕೈಯನ್ನು ಹೂವಿನ ಕೆಲಸದಲ್ಲೇ ಇರಿಸುತ್ತಿದ್ದಳು. ದಿನಾ ಅದೇ ದಾಸವಾಳ. ಏನೂ ಆಗದ ಗೀಸರ್ ಪಾಪ, ನಮ್ಮ ಮನೆಯಲ್ಲಿ ಎಲ್ಲರಿಂದಲೂ ಬೈಸಿಕೊಂಡಿತು.

ಅವರೆಕಾಯಿಯ ಕಾಲ. ಸಂಜೆ ನಾನೂ ಅತ್ತೆಯೂ ನೆನೆಸಿದ ಅವರೆಕಾಳನ್ನು ಮಧ್ಯದಲ್ಲಿಟ್ಟುಕೊಂಡು ಹಿತಕುತ್ತಾ ಕೂತಿದ್ದೆವು. ಅತ್ತೆಯ ಬೆರಳುಗಳು ಎಂದಿನಂತೆ ಓಡುತ್ತಿದ್ದವು. ನನ್ನ ಒಂದು ಕಾಳಿಗೆ ಅವರದು ನಾಲ್ಕು. ಮರೆವು ಆ ಬೆರಳುಗಳ ಹತ್ತಿರ ಸುಳಿದಿರಲಿಲ್ಲ. ಇದ್ದಕ್ಕಿದ್ದಂತೆ ಅತ್ತೆ, "ಹಪ್ಪಳದ ಡಬ್ಬದ ಹಿಂದೆ ಮಂಜ ಒಂದು ಡಬ್ಬಿ ತಂದಿಟ್ಟವ್ನೆ, ನೋಡ್ದೆ" ಎಂದರು. ಮಂಜ ಅಂದರೆ ಇವರು, ಮಂಜುನಾಥ.

ನನ್ನ ಕೈಯಿಂದ ಕಾಳು ಜಾರಿತು. "ಅದಾ ಅತ್ತೆ? ಅದು ಏನೋ ಸೋಪು ಇಡೋಕೆ..."

"ಬೀಗ ಐತೆ ಅದುಕ್ಕೆ. ಸೋಪ್‌ಗೆ ಯಾರಮ್ಮ ಬೀಗ ಆಕ್ತಾರೆ?"

ನಾನು ಜಾರಿದ ಕಾಳು ಹುಡುಕುವವಳಂತೆ ತಲೆ ತಗ್ಗಿಸಿದೆ. ಅತ್ತೆ ಹಿತಕುವುದನ್ನು ನಿಲ್ಲಿಸಲಿಲ್ಲ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಲೇ ಇದ್ದವು.

"ನೀವೆಲ್ಲ ಆ ಗೀಸರ್‌ನ ಬೈತೀರಲ್ಲ, ನಂಗೊತ್ತು ಕಣಮ್ಮ. ಆರಿಸ್ತಿರೋದು ನಾನೇ. ಆದ್ರೆ ಯಾವಾಗ ಆರಿಸ್ತೀನಿ ಅನ್ನೋದೇ ನಂಗೆ ಗೊತ್ತಾಗಲ್ಲ. ಒಂದಿನ ನೀರ್ ಕಾದೈತೆ ಅಂತ ಕೂಗ್ದೆ. ಮಂಜ ಓಗಿ ತಣ್ಣೀರ್ ಉಯ್ಕೊಂಡು, ನಡುಗ್ತಾ ಆಚೆ ಬಂದ. ಏನೂ ಅನ್ನಲಿಲ್ಲ, ಪಾಪ. ಅವತ್ತಿಂದ ಕೂಗೋದ್ ಬಿಟ್ಟೆ. ಕಾದೈತೋ ಇಲ್ವೋ ನಂಗೇ ತಿಳೀದೆ ಇನ್ನೊಬ್ರನ್ನ ಎಂಗಮ್ಮ ಕರೀಲಿ?"

ಅವರಿಗೆ ಎಲ್ಲ ಗೊತ್ತಿತ್ತು. ನಾವು ಅವರ ಮುಂದೆ ನಾಟಕ ಆಡುತ್ತಿದ್ದರೆ, ಅವರು ನಮ್ಮ ನಾಟಕ ಕೆಡದಿರಲಿ ಎಂದು ಚಂದ್ರುವಿಗೆ ಕಾಫಿ ಕೊಡಿಸುತ್ತಾ ಕೂತಿದ್ದರು.

"ಆಕ್ಬುಡಿ ಆ ಡಬ್ಬೀನ" ಎಂದರು ಅತ್ತೆ. "ಅಕ್ಕಂಗೆ ಮಾಡ್ದಂಗೇ ನಂಗೂ ಮಾಡ್ತಾರೆ ಅಂತ ಡಬ್ಬಿ ಕಂಡ ದಿನ ಸಿಟ್ಟು ಬಂದಿತ್ತು. ಈಗಿಲ್ಲ. ಮಗಾ ಕಾಲೇಜಿಗೆ ಓಗೋದು, ಚಳೀಲಿ ತಣ್ಣೀರ್ ಉಯ್ಕೊಂಡು ಜ್ವರ ಬಂದ್ರೆ? ಆಕ್ಬುಡಿ."

ನಾನು ಎದ್ದು ಅಡುಗೆಮನೆಗೆ ಹೋದೆ. ಹಪ್ಪಳದ ಡಬ್ಬದ ಹಿಂದಿನಿಂದ ಆ ಡಬ್ಬಿ ತೆಗೆದೆ. ಬೀಗವನ್ನು ಕಿತ್ತು ಹಳೆಯ ಬೀಗಗಳ ಜೊತೆ ಹಾಕಿದೆ. ಡಬ್ಬಿಗೆ ಸೀಗೆಪುಡಿ ತುಂಬಿ ತಂದು ಅತ್ತೆಯ ಮುಂದೆ ಇಟ್ಟೆ. "ನೋಡಿ, ಸೋಪಲ್ಲ, ಸೀಗೆಪುಡಿ ಇಡೋಕೆ ತಂದಿದ್ದು" ಎಂದೆ. ಅತ್ತೆ ಡಬ್ಬಿಯನ್ನೂ ನನ್ನನ್ನೂ ನೋಡಿದರು. ಆಮೇಲೆ, "ಸುಳ್ಳೇಳೋಕೂ ಬರಲ್ಲ ನಿಂಗೆ. ಮೇಡಮ್ಮಂತೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಇವರು ರಾತ್ರಿ ಊಟಕ್ಕೆ ಕೂತಾಗ ಆ ಡಬ್ಬಿ ನೋಡಿದರು. ಹಿತಕಿದಬೇಳೆ ಸಾರು ಇನ್ನೊಂದು ಸಲ ಹಾಕಿಸಿಕೊಂಡರು. ಮುಂದಿನ ವಾರ ಚಂದ್ರುವನ್ನು ಕರೆಸಿ, ಗೀಸರ್ ತಾನಾಗಿ ನಿಲ್ಲುವುದು ಸರಿಯಾಗಿದೆಯೇ, ಅರ್ಥಿಂಗ್ ಭದ್ರವಾಗಿದೆಯೇ ಎಂದು ತಾವೇ ನಿಂತು ನೋಡಿಸಿದರು.

ಈಗ ಹೇಗೆ ನಡೆದಿದೆ ಎಂದರೆ, ಅತ್ತೆ ಸ್ವಿಚ್ ಆರಿಸುತ್ತಾರೆ, ನಾವು ಹಾಕುತ್ತೇವೆ. ಒಳಗಿನಿಂದ ಕಾವ್ಯ "ಅಜ್ಜೀ, ತಣ್ಣಗಾಯ್ತು!" ಎಂದು ಮುಚ್ಚುಮರೆಯಿಲ್ಲದೆ ಕೂಗುತ್ತಾಳೆ. ಅತ್ತೆ ಎದ್ದು ಬಂದು ಹಾಕಿ, "ಯಾವಳವ್ವ ಆರ್ಸಿದ್ದು ಇದನ್ನ?" ಎಂದು ತಮ್ಮನ್ನೇ ಗದರಿಕೊಳ್ಳುತ್ತಾರೆ. ಬಚ್ಚಲೊಳಗೂ ಹೊರಗೂ ನಗು. ಬೆಳಗ್ಗೆ ಸ್ವಲ್ಪ ತಡವಾಗುತ್ತದೆ. ಆಗಲಿ ಬಿಡಿ.

ಅವರೆಕಾಳು ಹಿತಕಿದ ಮಾರನೆಯ ಬೆಳಗ್ಗೆ ನಾನು ಎಲ್ಲರಿಗಿಂತ ಮುಂಚೆ ಎದ್ದೆ. ಗೀಸರ್ ಹಾಕಿ ಅಲ್ಲೇ ನಿಂತೆ. ಗುಂಯ್‌ಗುಡುವುದು ನಿಲ್ಲುವ ತನಕ, ಅತ್ತೆಯ ಹಾಗೇ, ಕಿವಿಗೊಟ್ಟು ಕಾದೆ. ಸ್ವಿಚ್ ಆರಿಸಲಿಲ್ಲ. ಬಕೆಟ್ಟಿಗೆ ನೀರು ಬಿಟ್ಟು ಕೈಯಿಟ್ಟು ನೋಡಿದೆ. ಆಮೇಲೆ ಹಾಲಿಗೆ ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಯಾವತ್ತೂ ಕೂಗಿ ಅಭ್ಯಾಸವಿಲ್ಲದ ಗಂಟಲಿನಲ್ಲಿ ಕೂಗಿದೆ.

"ಅತ್ತೇ, ನೀರ್ ಕಾದೈತೆ, ಬನ್ನೀ!"

ದೇವರಮನೆಯ ಮುಂದೆ ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಅತ್ತೆ ಹಿಂದೆ ತಿರುಗಿ, ತಮ್ಮ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ನನ್ನಾ ಕರ್ದಿದ್ದು?"

"ಊಂ ಅತ್ತೆ, ನಿಮ್ಮನ್ನೇ. ಮೊದಲು ನೀವು."

ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಟವೆಲ್ ಹೆಗಲ ಮೇಲೆ ಹಾಕಿಕೊಂಡು, ಹೊಸದಾಗಿ ಮನೆಗೆ ಬಂದ ನೆಂಟರಂತೆ ಸಂಕೋಚದಿಂದ ಬಚ್ಚಲ ಕಡೆ ನಡೆದರು. ಬಾಗಿಲ ಬಳಿ ಅವರ ಕೈ ತಾನಾಗಿ ಮೇಲಕ್ಕೆ ಹೋಯಿತು. ಟಕ್. ಕೆಂಪು ದೀಪ ಆರಿತು. ಸ್ನಾನಕ್ಕೆ ಹೋಗುವ ಮುಂಚೆ ಯಾರಾದರೂ ಆರಿಸಲೇಬೇಕಾದ ಹೊತ್ತು ಅದು.

ಒಳಗೆ ಚೊಂಬಿನ ಸದ್ದು ಶುರುವಾಗಿ, ನಿಂತು, ಅತ್ತೆಯ ಧ್ವನಿ ಕೇಳಿತು. "ಸೈಲಾ, ಗೀಸರ್ ಆರ್ಸಿದೀನೇನಮ್ಮ?"

"ಆರ್ಸಿದೀರಿ ಅತ್ತೆ" ಎಂದೆ. "ನೀವು ನಿಧಾನಕ್ಕೆ ನೀರ್ ಉಯ್ಕೊಳ್ಳಿ."